ತೊಲೆಯ ಅಳತೆಯೇ ಮನೆಯ ಅಳತೆ: ಇಳಕಲ್ ಸೀಮೆಯ ಮಾಳಿಗೆಗಳಿಂದ ಮಲೆನಾಡು ಕಲಿಯಬೇಕಾದುದು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಾಡು, ನೀರು, ಮಣ್ಣುಗಳ ವಿಚಾರವಾಗಿ ಈ ವೇದಿಕೆಯಲ್ಲಿ ಅನೇಕ ಬಾರಿ ಚರ್ಚೆ ನಡೆದಿದೆ. ನಮ್ಮ ತಲೆಯ ಮೇಲೆಯೇ ಇದ್ದು, ನಾವು ಅಪರೂಪಕ್ಕೂ ಕತ್ತೆತ್ತಿ ನೋಡದ ಒಂದು ವಸ್ತುವನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಅದು ಮನೆಯ ಮಾಡನ್ನು ಹೊತ್ತು ನಿಂತಿರುವ ಮರದ ಚೌಕಟ್ಟು. ತೊಲೆ, ಜಂತಿ, ಪಕಾಸಿ, ರೀಪು, ಬೋದಿಗೆಗಳ ಸಮೂಹ.

ನಾನು ಕೃಷಿ ವಿಜ್ಞಾನದ ವಿದ್ಯಾರ್ಥಿ, ವಾಸ್ತುಶಿಲ್ಪಿಯಲ್ಲ. ಮಣ್ಣಿನ ಅಧ್ಯಯನದ ದಾರಿಯಲ್ಲಿಯೇ ನಾನು ಈ ವಿಷಯಕ್ಕೆ ಬಂದೆ. ಬಾಗಲಕೋಟೆ ಜಿಲ್ಲೆಯ ಇಳಕಲ್, ಹುನಗುಂದ, ಬಾದಾಮಿ ಸೀಮೆಯ ಒಣಬೇಸಾಯವನ್ನು ಅರಿಯಹೊರಟವನಿಗೆ, ಅಲ್ಲಿಯ ಹೊಲದ ಮಣ್ಣು ಮನೆಯ ಮೇಲೆಯೂ ಇರುವುದು ಕಾಣದೆ ಹೋಗುವುದಿಲ್ಲ. ಆ ಮಣ್ಣನ್ನು ಹೊರುವ ಮರ ಯಾವುದು, ಅದು ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಎದ್ದಾಗ ಉತ್ತರವು ಬಹುಮಟ್ಟಿಗೆ ನಮ್ಮ ಮಲೆನಾಡಿಗೇ ಹಿಂದಿರುಗಿ ಬರುತ್ತದೆ.

ಮನೆಯನ್ನು ಅಳೆಯುವ ಮಾತು

ಇಂದು ನಾವು ಮನೆಯನ್ನು ಚದರ ಅಡಿಗಳಲ್ಲಿ ಅಳೆಯುತ್ತೇವೆ. ಬಯಲುಸೀಮೆಯ ಹಿರಿಯರು ಈಗಲೂ ‘ಮೂರು ಖಣದ ಮನೆ’, ‘ಎಂಟು ಖಣದ ಮನೆ’ ಎಂದೇ ಹೇಳುವರು. ಕೆಲವು ಕಡೆ ಇದನ್ನೇ ಅಂಕಣವೆನ್ನುತ್ತಾರೆ. ಒಂದು ತೊಲೆಗೂ ಮತ್ತೊಂದು ತೊಲೆಗೂ ನಡುವಣ ಜಾಗವೇ ಖಣ. ಅದರ ಅಳತೆ ಊರಿಂದ ಊರಿಗೆ ಬದಲಾಗುತ್ತದೆ; ಆದರೆ ತತ್ತ್ವ ಒಂದೇ. ಸುತ್ತಮುತ್ತ ದೊರೆಯುವ ಮರ ಎಷ್ಟು ಉದ್ದವಿರಬಲ್ಲುದು, ಎಷ್ಟು ಭಾರ ತಾಳಬಲ್ಲುದು ಎಂಬುದೇ ಕೋಣೆಯ ಅಗಲವನ್ನು ನಿರ್ಧರಿಸುತ್ತದೆ. ಮನೆ ಬೆಳೆಯಬೇಕಾದರೆ ಖಣಗಳ ಸಂಖ್ಯೆ ಹೆಚ್ಚುವುದೇ ಹೊರತು ಖಣದ ಅಗಲ ಹೆಚ್ಚುವುದಿಲ್ಲ. ನೆರೆಯ ಗುಳೇದಗುಡ್ಡದಲ್ಲಿ ನೇಯುವ ಕುಪ್ಪಸದ ಬಟ್ಟೆಗೂ ಖಣವೆಂದೇ ಹೆಸರು. ಬಟ್ಟೆಯಾಗಲಿ ಮನೆಯಾಗಲಿ, ಇರುವ ಅಗಲದೊಳಗೆ ಹೊಂದಿಸಿಕೊಳ್ಳುವುದು ಆ ಸೀಮೆಯ ಜನರಿಗೆ ರೂಢಿಯಾದ ವಿದ್ಯೆ.

ಈ ರೂಢಿಯ ಹಿಂದೆ ಗಣಿತವಿದೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಸಮನಾಗಿ ಭಾರ ಹೊತ್ತ ತೊಲೆಯ ಉದ್ದವನ್ನು ಎರಡು ಪಟ್ಟು ಮಾಡಿದರೆ, ಅದನ್ನು ಮುರಿಯಲೆಳಸುವ ಬಾಗುಬಲ ನಾಲ್ಕು ಪಟ್ಟಾಗುತ್ತದೆ. ತೊಲೆಯ ಜೋಲು ಹದಿನಾರು ಪಟ್ಟಾಗುತ್ತದೆ. 10 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ತೊಲೆಯನ್ನು ನೆಟ್ಟಗೆ ನಿಲ್ಲಿಸಿ ಇಟ್ಟರೆ, ಅಡ್ಡ ಮಲಗಿಸಿ ಇಟ್ಟುದಕ್ಕಿಂತ ಎರಡರಷ್ಟು ಬಲ, ನಾಲ್ಕರಷ್ಟು ಬಿಗುವು ದೊರೆಯುತ್ತದೆ. ಬಡಿಗನು ಈ ಸೂತ್ರವನ್ನು ಪುಸ್ತಕದಲ್ಲಿ ಓದಿಲ್ಲ. ಆದರೆ ತೊಲೆಯನ್ನು ಎಂದೂ ಅಡ್ಡ ಮಲಗಿಸಿ ಇಟ್ಟವನಲ್ಲ. ಕಂಬದ ತಲೆಯ ಮೇಲೆ ಇಕ್ಕೆಲಗಳಿಗೂ ಚಾಚಿಕೊಂಡ ಬೋದಿಗೆಯನ್ನು ಅಲಂಕಾರವೆಂದು ಭಾವಿಸುವವರುಂಟು. ಹತ್ತು ಅಡಿ ಅಂತರದ ಕಂಬಗಳ ಮೇಲೆ ಎರಡೂ ಬದಿಗೆ ಒಂದೊಂದು ಅಡಿ ಬೋದಿಗೆ ಚಾಚಿದರೆ ತೊಲೆ ದಾಟಬೇಕಾದ ಬಯಲು ಎಂಟೇ ಅಡಿ. ಬಾಗುಬಲ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ. ಬೋದಿಗೆಯ ಮೇಲಿನ ಹೂಬಳ್ಳಿ ಆಮೇಲಿನ ಮಾತು.

ಕಲ್ಲಿನಲ್ಲಿ ಉಳಿದ ಮರ

ಮರದ ಈ ವಿದ್ಯೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ಆ ಸೀಮೆಯಲ್ಲಿಯೇ ಇದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ ಲಾಡಖಾನ ಗುಡಿಯನ್ನು ನೋಡಿದವರು ಅದರ ಛಾವಣಿಯನ್ನು ನೆನಪಿಸಿಕೊಳ್ಳಬೇಕು. ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳು. ಎರಡು ಚಪ್ಪಡಿಗಳ ಸಂದಿನ ಮೇಲೆ ಉದ್ದನೆಯ ಮರದ ದಿಮ್ಮಿಯಂತೆ ಕಾಣುವ ಕಲ್ಲಿನ ಪಟ್ಟಿ. ಸಂದಿಯಲ್ಲಿ ಮಳೆನೀರು ಇಳಿಯದಂತೆ ತಡೆಯುವುದು ಆ ಪಟ್ಟಿಯ ಕೆಲಸ. ಮರದ ಮನೆಗಳನ್ನು ಕಟ್ಟಿ ಪಳಗಿದ ಕೈಗಳೇ ಕಲ್ಲಿನ ಕೆಲಸಕ್ಕೆ ತೊಡಗಿದಾಗ ಹಳೆಯ ಅಭ್ಯಾಸವನ್ನು ಬಿಡಲಿಲ್ಲವೆಂದು ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ. ಒಂದು ಕಾಲಕ್ಕೆ ಈ ಗುಡಿಯನ್ನು 5ನೆಯ ಶತಮಾನದ್ದೆಂದು ಬಗೆದಿದ್ದರು. ಈಚಿನ ವಿದ್ವಾಂಸರಲ್ಲಿ ಹೆಚ್ಚಿನವರು 7–8ನೆಯ ಶತಮಾನಕ್ಕೆ ಸೇರಿಸುತ್ತಾರೆ. ಐಹೊಳೆಯ ಗೌಡರಗುಡಿಯಲ್ಲಿಯೂ ಇದೇ ಬಗೆಯ ಛಾವಣಿಯಿದೆ.

ಬಾದಾಮಿಯ ಗುಹೆಗಳಲ್ಲಿ ಇನ್ನೂ ಸೋಜಿಗದ ಸಂಗತಿಯುಂಟು. ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಬೆಟ್ಟವನ್ನೇ ಕೊರೆದು ಮಾಡಿದ ಗುಹೆಯಲ್ಲಿ ತೊಲೆಗೆ ಯಾವ ಕೆಲಸವೂ ಇಲ್ಲ; ಮೇಲಿರುವುದು ಅಖಂಡ ಬಂಡೆ. ಆದರೂ ಶಿಲ್ಪಿ ಕಂಬದಿಂದ ಕಂಬಕ್ಕೆ ತೊಲೆಗಳನ್ನು ಕಡೆದಿದ್ದಾನೆ, ಅವುಗಳಿಗೆ ಬೋದಿಗೆಯ ಆಸರೆಯನ್ನೂ ಕೊಟ್ಟಿದ್ದಾನೆ. ತೊಲೆಯಿಲ್ಲದ ಮನೆಯನ್ನು ಅವನ ಕಣ್ಣು ಒಪ್ಪಲಿಲ್ಲವೆಂದು ತೋರುತ್ತದೆ.

ಕಲ್ಲಿಗೆ ಒಂದು ಮಿತಿಯಿದೆ. ಅದು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಸೆಳೆತವನ್ನು ತಾಳುವುದಿಲ್ಲ. ತೊಲೆಯು ಬಾಗುವಾಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಕೆಳಮೈ ಸೆಳೆಯಲ್ಪಡುತ್ತದೆ. ಆದುದರಿಂದಲೇ ಕಲ್ಲಿನ ಗುಡಿಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಲ್ಲಬೇಕಾಯಿತು. ಮರವಾದರೋ ಉದ್ದುದ್ದನೆಯ ನಾರುಗಳ ಕಟ್ಟು. ಗಾಳಿಗೆ ಬಾಗಿ ಬಾಗಿ ಬೆಳೆದ ಕಾರಣ ಸೆಳೆತವನ್ನೂ ಒತ್ತಡವನ್ನೂ ತಾಳಬಲ್ಲುದು. ಅದರ ಜೊತೆಗೆ ಹಗುರ. ಮುರಿಯುವ ಮುನ್ನ ಜೋತು, ಲಟಲಟನೆ ಸದ್ದುಮಾಡಿ ಎಚ್ಚರಿಕೆ ಕೊಡುವ ಗುಣವೂ ಮರಕ್ಕುಂಟು.

ಮಾಳಿಗೆಯ ಮಣ್ಣು

ಇಳಕಲ್ ಸೀಮೆಯ ಹಳೆಯ ಮಾಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ಓದೋಣ. ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ತೊಲೆಗಳಿಗೆ ಅಡ್ಡವಾಗಿ ಜಂತಿಗಳು. ಜಂತಿಗಳ ಮೇಲೆ ಹಲಗೆ, ಇಲ್ಲವೇ ಒತ್ತೊತ್ತಾಗಿ ಜೋಡಿಸಿದ ಕೋಲುಗಳು. ಅವುಗಳ ಮೇಲೆ ಸೊಪ್ಪು ಇಲ್ಲವೇ ಹುಲ್ಲಿನ ಹಾಸು. ಅದರ ಮೇಲೆ ನಾದಿ ಬಡಿದ ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣಿನ ಹೊದಿಕೆ. ಸುತ್ತ ಕುಂಬಿ, ನೀರು ಹೊರಹೋಗಲು ಹರನಾಳಿಗೆ, ನಡುವೆ ಬೆಳಕಿಂಡಿ.

ಚೌಳು ಮಣ್ಣಿನ ಆಯ್ಕೆ ನನ್ನನ್ನು ಬಹಳ ಚಿಂತನೆಗೆ ಹಚ್ಚಿದೆ. ಹೊಲದಲ್ಲಿ ಚೌಳು ರೈತನ ಶತ್ರು. ಅದರಲ್ಲಿ ಸೋಡಿಯಂ ಅಂಶ ಹೆಚ್ಚಿರುವುದರಿಂದ ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯುವುದಿಲ್ಲ, ಬೇರು ಉಸಿರಾಡುವುದಿಲ್ಲ, ಬೆಳೆ ಏಳುವುದಿಲ್ಲ. ಮಾಳಿಗೆಯ ಮೇಲೆ ಬೇಕಾದುದು ಇದೇ ದುರ್ಗುಣ. ನೀರು ಇಳಿಯಬಾರದು, ಹುಲ್ಲು ಏಳಬಾರದು. ಹೊಲಕ್ಕೆ ಬಾರದ ಮಣ್ಣನ್ನು ಮನೆಗೆ ಕಾವಲಾಗಿಸಿದ ಆ ಜನರ ಮಣ್ಣಿನ ಜ್ಞಾನಕ್ಕೆ ನಾವು ತಲೆಬಾಗಬೇಕು.

ವರ್ಷಕ್ಕೆ 600 ಮಿ.ಮೀ.ಗೂ ಕಡಿಮೆ ಮಳೆ ಬೀಳುವ, ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಆ ನಾಡಿಗೆ ಈ ಮಾಳಿಗೆ ಸೂಕ್ತವಾಗಿಯೇ ಇತ್ತು. ಹಗಲಿನ ಬಿಸಿ ದಪ್ಪ ಮಣ್ಣನ್ನು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕೆಳಗೆ ನೇಕಾರರು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಇಳಕಲ್ ಸೀರೆ ನೇಯುತ್ತಿದ್ದರೆ, ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ. ರಾತ್ರಿ ಅದೇ ಮಾಳಿಗೆ ಮಲಗುವ ಕೋಣೆ. ಕೂಸಿನ ತೊಟ್ಟಿಲು ತೂಗುವುದೂ ಅದೇ ಜಂತಿಯಿಂದ.

ಭಾರದ ಲೆಕ್ಕ

ಆದರೆ ಈ ಮಾಳಿಗೆಯ ಬೆಲೆಯನ್ನೂ ನಾವು ಅರಿಯಬೇಕು. 30 ಸೆಂ.ಮೀ. ದಪ್ಪದ ಒಣಮಣ್ಣು ಒಂದು ಚದರ ಮೀಟರಿಗೆ ಸುಮಾರು 480 ಕಿಲೋ ತೂಗುತ್ತದೆ. 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಯ ಮೇಲೆ ಸುಮಾರು ಐದೂಮುಕ್ಕಾಲು ಟನ್. ದಿನಗಟ್ಟಲೆ ಮಳೆ ಹಿಡಿದು ಮಣ್ಣು ನೀರು ಕುಡಿದರೆ ಇನ್ನೂ ಒಂದು ಟನ್ನಿನಷ್ಟು ಸೇರುತ್ತದೆ. ನಮ್ಮ ಮಲೆನಾಡಿನ ಮಂಗಳೂರು ಹೆಂಚಿನ ಹೊದಿಕೆ ಚದರ ಮೀಟರಿಗೆ ಸುಮಾರು 45 ಕಿಲೋ, ಅಂದರೆ ಮಾಳಿಗೆಯ ಹತ್ತನೆಯ ಒಂದು ಭಾಗ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಸೋಗೆ, ಕರಡದ ಹುಲ್ಲುಗಳ ಜಾಗದಲ್ಲಿ ಕ್ರಮೇಣ ಬಂದು ಕುಳಿತದ್ದು ಈ ಹೊದಿಕೆ. ಹಗುರವಾದ ಹೊದಿಕೆಗೆ ಅಡಕೆಯ ಸೀಳು, ಬೈನೆಯ ಪಕಾಸಿಯೂ ಸಾಕು. ಮಾಳಿಗೆಗೆ ಅದು ಸಾಲದು. ಅಲ್ಲಿ ಗಟ್ಟಿ ಮರವೇ ಆಗಬೇಕು.

ಬಯಲಿನ ಬಡವರು ಹೊಲದ ಬದುವಿನ ಬೇವು, ಕರಿಜಾಲಿಗಳಲ್ಲಿ ತಮ್ಮ ಜಂತಿಗಳನ್ನು ಕಂಡುಕೊಂಡರು. ಬೇವಿಗೆ ಹುಳು ಸುಲಭವಾಗಿ ಹತ್ತುವುದಿಲ್ಲ. ಜಾಲಿ ಬಿಗಿ, ಭಾರ, ಗಟ್ಟಿ. ಉಳ್ಳವರ ವಾಡೆಗಳಿಗೆ ಮಾತ್ರ ಉತ್ತರ ಕನ್ನಡದ ಕಾಡಿನ ಸಾಗವಾನಿ, ಮತ್ತಿ, ಹೊನ್ನೆಗಳು ಬಂದವು. ಅಳ್ನಾವರದಿಂದ ದಾಂಡೇಲಿಗೆ ರೈಲುಹಳಿ ಬಿದ್ದುದಕ್ಕೆ ಮುಖ್ಯ ಕಾರಣವೇ ಕಾಡಿನ ಮರಮುಟ್ಟಿನ ಸಾಗಣೆ. ಬಯಲಿನ ವಾಡೆಯ ತೊಲೆಗೂ ನಮ್ಮ ಬೆಟ್ಟದ ಬೋಳು ತಲೆಗೂ ಸಂಬಂಧವಿದೆಯೆಂಬುದನ್ನು ನಾವು ಮರೆಯಲಾಗದು. ಆದರೆ ಆ ತೊಲೆಗಳು ಮೂರು ನಾಲ್ಕು ತಲೆಮಾರು ಬಾಳಿದವು ಎಂಬುದನ್ನೂ ಮರೆಯಲಾಗದು.

ಮಾಡು ಬೀಳುವುದು ಏಕೆ?

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ದಿನಗಳನ್ನು ಉತ್ತರ ಕರ್ನಾಟಕ ಮರೆತಿಲ್ಲ. ಬಾಗಲಕೋಟೆಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಎಡೆಬಿಡದೆ ಮಳೆ ಸುರಿದು, ಹೊಳೆಗಳು ಉಕ್ಕಿ, ಲಕ್ಷಾಂತರ ಮನೆಗಳು ಹಾಳಾದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೊಳೆಯ ನೀರು ಮುಟ್ಟದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಕುಸಿದವು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ತೀರ್ಪು: ಮಣ್ಣಿನ ಮನೆಯೇ ಅಪಾಯ.

ಈ ತೀರ್ಪನ್ನು ಪರೀಕ್ಷಿಸಬೇಕು. ಮಾಳಿಗೆಯ ಮಣ್ಣು ಮಳೆಗೆ ಸವೆಯುವುದರಿಂದ ಮುಂಗಾರಿಗೆ ಮುನ್ನ ಹೊಸ ಮಣ್ಣು ಹಾಕುವುದು ಕ್ರಮ. ಸವೆದ ಹಳೆಯ ಪದರವನ್ನು ಕೆರೆದು ತೆಗೆದು ಹೊಸದನ್ನು ಹಾಕಬೇಕು. ಕೆರೆಯುವ ಶ್ರಮವನ್ನು ಉಳಿಸಿ ಹಾಕುತ್ತಲೇ ಹೋದರೆ, ವರ್ಷಕ್ಕೆ ಅರ್ಧ ಅಂಗುಲ ಉಳಿದರೂ 20 ವರ್ಷಗಳಲ್ಲಿ ಹತ್ತು ಅಂಗುಲವಾಗುತ್ತದೆ. ಚದರ ಮೀಟರಿಗೆ 400 ಕಿಲೋ ಹೆಚ್ಚುವರಿ ಭಾರ! ತೊಲೆಯಾದರೋ ಅಜ್ಜನ ಕಾಲದ್ದೇ. ಎರಡನೆಯದಾಗಿ, ತೊಲೆ ನಡುವೆ ಮುರಿಯುವುದಕ್ಕಿಂತ ತುದಿಯಲ್ಲಿ ಕೊಳೆಯುವುದೇ ಹೆಚ್ಚು. ಮರದಲ್ಲಿ ತೇವಾಂಶ ನೂರಕ್ಕೆ ಇಪ್ಪತ್ತನ್ನು ದಾಟಿ ಹಾಗೆಯೇ ನಿಂತರೆ ಶಿಲೀಂಧ್ರಕ್ಕೆ ಹಬ್ಬ. ಗೋಡೆಯೊಳಗೆ ಹುದುಗಿದ ತೊಲೆಯ ತುದಿಗೆ ಗಾಳಿಯಿಲ್ಲ; ಕುಂಬಿಯ ಬಿರುಕಿನಿಂದ ಇಳಿದ ನೀರು ಅಲ್ಲಿಯೇ ನಿಲ್ಲುತ್ತದೆ; ಗೆದ್ದಲು ಗೋಡೆಯ ಮೂಲಕ ಅಲ್ಲಿಗೇ ಬರುತ್ತದೆ. ಹೊರಗಿನಿಂದ ನೋಡಿದರೆ ತೊಲೆ ದೃಢವಾಗಿಯೇ ಕಾಣುತ್ತದೆ.

ನಮ್ಮ ಗಡಿಯಾಚೆಯ ಇನ್ನೊಂದು ಪಾಠವೂ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾಗಿ ಸಾವಿರಾರು ಜನ ಮಲಗಿದಲ್ಲಿಯೇ ಸತ್ತರು. ಅಲ್ಲಿಯ ಮನೆಗಳೂ ಇದೇ ಬಗೆಯವು: ಕಾಡುಗಲ್ಲಿನ ದಪ್ಪ ಗೋಡೆ, ಮರದ ಚೌಕಟ್ಟು, ದಪ್ಪ ಮಣ್ಣಿನ ಮಾಳಿಗೆ. ಪರಿಣಿತರು ಪರಿಶೀಲಿಸಿದಾಗ ಹಲವೆಡೆ ಕಲ್ಲಿನ ಗೋಡೆಗಳು ಉರುಳಿ, ಕಂಬ ತೊಲೆಗಳ ಚೌಕಟ್ಟು ನಿಂತೇ ಇದ್ದುದು ಕಂಡಿತು. ಆ ಬಳಿಕ ಹಳೆಯ ಮನೆಗಳನ್ನು ಬಲಪಡಿಸಲು ಕೊಟ್ಟ ಸಲಹೆಗಳು ಸರಳವಾಗಿದ್ದವು: ಮಾಳಿಗೆಯ ಮಣ್ಣನ್ನು ತೆಳ್ಳಗೆ ಮಾಡಿರಿ, ಕಂಬ ಮತ್ತು ತೊಲೆ ಕೂಡುವ ಮೂಲೆಗೆ ಓರೆಯಾಗಿ ಆಸರೆಯ ಮರ ಕೊಡಿರಿ, ಗೋಡೆಯ ಎರಡು ಮೈಗಳನ್ನು ಬೆಸೆಯುವ ಕಟ್ಟುಗಲ್ಲು ಇಡಿರಿ.

ದೋಷವನ್ನು ಗುರುತಿಸಿದರೆ ಪರಿಹಾರವೂ ಅದರ ಪಕ್ಕದಲ್ಲಿಯೇ ಇರುತ್ತದೆ. ಗುರುತಿಸದೆ ಇಡೀ ಮನೆಯನ್ನೇ ಅಪರಾಧಿಯಾಗಿಸಿದರೆ ಉಳಿಯುವ ದಾರಿ ಒಂದೇ: ಕಿತ್ತುಹಾಕು, ಸಿಮೆಂಟು ಸುರಿ.

ಬಿಚ್ಚಬಹುದಾದ ಮನೆ

ಸಿಮೆಂಟನ್ನು ನಾನು ದೂಷಿಸಲು ನಿಂತಿಲ್ಲ. ಕಾಂಕ್ರೀಟಿನ ಛಾವಣಿ ಮಣ್ಣಿನ ಮಾಳಿಗೆಗಿಂತ ಹಗುರ. ಸರಿಯಾಗಿ ಕಟ್ಟಿದರೆ ಭದ್ರ. ವರ್ಷವರ್ಷವೂ ಮಣ್ಣು ಹೊರುವ ಹೆಂಗಸರ ಶ್ರಮವನ್ನು ಅದು ಉಳಿಸಿದೆ. ಆದರೆ ಜಗತ್ತಿನ ಇಂಗಾಲದ ಡೈಆಕ್ಸೈಡ್ ಉಗುಳಿನಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ಸಿಮೆಂಟಿನ ತಯಾರಿಕೆಯದು. ಒಣಮರದ ತೂಕದಲ್ಲಿಯಾದರೋ ಸುಮಾರು ಅರ್ಧದಷ್ಟು ಇಂಗಾಲವೇ. ಗಾಳಿಯಿಂದ ಮರ ಹೀರಿಕೊಂಡುದು. ತೊಲೆ ನೂರು ವರ್ಷ ಮಾಡಿನಡಿ ಇದ್ದರೆ ಆ ಇಂಗಾಲವೂ ನೂರು ವರ್ಷ ಅಲ್ಲಿಯೇ ಇರುತ್ತದೆ.

ಮತ್ತೊಂದು ವ್ಯತ್ಯಾಸವನ್ನು ಮುಳುಗಡೆಯ ಜನ ನಮಗೆ ತೋರಿಸಿದ್ದಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳೂ ಕೃಷ್ಣಾ, ಘಟಪ್ರಭಾ ದಂಡೆಯ ಅನೇಕ ಹಳ್ಳಿಗಳೂ ಮುಳುಗಿದುವು, ಪಟ್ಟಣದವರಿಗಾಗಿ ನವನಗರವೆದ್ದಿತು. ಮನೆ ಬಿಟ್ಟು ಹೊರಡುವವರು ಗೋಡೆಯನ್ನು ಹೊತ್ತೊಯ್ಯಲಾರರು, ಅಂಗಳವನ್ನು ಹೊತ್ತೊಯ್ಯಲಾರರು. ಹೊತ್ತೊಯ್ಯಬಹುದಾದುದು ಬಾಗಿಲು, ಕಂಬ, ತೊಲೆ, ಜಂತಿಗಳು ಮಾತ್ರ. ಬೆಣೆ ಕಿತ್ತರೆ ಕೀಲು ಬಿಡುತ್ತದೆ. ಇನ್ನೊಂದೆಡೆ ಜೋಡಿಸಿದರೆ ಮತ್ತೆ ಮನೆಯಾಗುತ್ತದೆ. ಕೊಳೆತ ಒಂದು ಜಂತಿಯನ್ನು ತೆಗೆದು ಬೇರೊಂದನ್ನು ಹಾಕಬಹುದು. ಕಾಂಕ್ರೀಟಿನಲ್ಲಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಹೀಗೆ ಒಂದು ಭಾಗವನ್ನು ಕಳಚಿ ಬದಲಿಸುವಂತಿಲ್ಲ. ಒಡೆದರೆ ಉಳಿಯುವುದು ರಾಶಿ ಚೂರು.

ಮಲೆನಾಡಿಗೆ ಇದರ ಅರ್ಥ

ಮಿತ್ರರೇ, ಇದೆಲ್ಲವನ್ನೂ ಬಯಲುಸೀಮೆಯ ಕಥೆಯೆಂದು ಕೇಳಿ ಎದ್ದುಹೋಗಬೇಡಿ. ನಮ್ಮ ಮಲೆನಾಡಿನಲ್ಲಿಯೂ ಹಳೆಯ ಮನೆಗಳು ಬಿಚ್ಚಲ್ಪಡುತ್ತಿವೆ. ಬೀಟೆ, ಹಲಸು, ಹೊನ್ನೆಯ ತೊಲೆಗಳನ್ನು ವ್ಯಾಪಾರಿಗಳು ಕೊಂಡು ದೂರದ ನಗರಗಳಿಗೆ ಸಾಗಿಸುತ್ತಾರೆ. ಸೋರುವ ಒಂದು ಮೂಲೆಯನ್ನು ಸರಿಪಡಿಸುವ ಬಡಿಗ ಊರಿನಲ್ಲಿ ಸಿಗದುದರಿಂದ ಇಡೀ ಮಾಡನ್ನು ಕಿತ್ತವರಿದ್ದಾರೆ. ಮರ ಹೋಗುತ್ತದೆ, ಮರವನ್ನು ಅರಿತ ಕೈಯೂ ಹೋಗುತ್ತದೆ. ಎರಡನೆಯದನ್ನು ನರ್ಸರಿಯಲ್ಲಿ ಬೆಳೆಸಲಾಗದು.

ಆದುದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಪರೀಕ್ಷೆ. ಮಳೆಗಾಲಕ್ಕೆ ಮುನ್ನ ಪ್ರತಿ ತೊಲೆಯ ತುದಿಯನ್ನೂ ಗೋಡೆಪಟ್ಟಿಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿರಿ. ಗಟ್ಟಿ ಮರ ಕಣಕಣ ಎನ್ನುತ್ತದೆ, ಟೊಳ್ಳು ಮರ ಡೊಬ್ಬೆನ್ನುತ್ತದೆ. ಮೊಳೆ ಸಲೀಸಾಗಿ ಒಳಹೊಕ್ಕರೆ ಕೊಳೆತ ಇದೆಯೆಂದೇ ಅರ್ಥ. ಸಂಶಯವಿದ್ದೆಡೆ ಕೂಡಲೇ ಊರೆಗಂಬ ಕೊಟ್ಟು ಬಡಿಗನನ್ನು ಕರೆಯಿರಿ.

ಎರಡನೆಯದು, ಗಾಳಿ. ಗೋಡೆಯೊಳಗೆ ಹೋಗುವ ತೊಲೆಯ ತುದಿಯ ಸುತ್ತ ಬೆರಳು ಹೋಗುವಷ್ಟು ಸಂದು ಇರಲಿ, ಕೆಳಗೊಂದು ಚಪ್ಪಡಿಗಲ್ಲು ಇರಲಿ. ಸಿಮೆಂಟಿನಿಂದ ಮೆತ್ತಿ ಮುಚ್ಚಬೇಡಿರಿ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಮೂರನೆಯದು, ದಾಖಲೆ. ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಹಳೆಯ ಮನೆಯ ಮಾಡಿನ ಚಿತ್ರ ಬರೆಯಲಿ: ಯಾವ ಮರ, ಎಷ್ಟು ಉದ್ದ, ಕೀಲು ಹೇಗೆ, ಅದಕ್ಕೆ ಊರಿನಲ್ಲಿ ಹೆಸರೇನು. ಹಿರಿಯ ಬಡಿಗರು ಇರುವಾಗಲೇ ಈ ಕೆಲಸ ಆಗಬೇಕು.

ನಾಲ್ಕನೆಯದು, ನೆಡುವುದು. ಇಂದು ನೆಟ್ಟ ಹಲಸು, ಹೊನ್ನೆ, ಮತ್ತಿ ತೊಲೆಯಾಗಲು ಒಂದು ಆಯುಷ್ಯವೇ ಬೇಕು. ನೆಟ್ಟವನ ಮನೆಗೆ ಅದು ದೊರೆಯದು. ಮೊಮ್ಮಗಳ ಮನೆಗೆ ದೊರೆತೀತು. ಇಳಕಲ್ ಕಡೆಯ ರೈತ ಹೊಲದ ಬದುವಿನಲ್ಲಿ ಬೇವನ್ನು ಉಳಿಸಿಕೊಂಡದ್ದು ಈ ಲೆಕ್ಕದಿಂದಲೇ. ಅಷ್ಟು ಕಡಿಮೆ ಮಳೆಯಲ್ಲಿ ಅವನು ಮಾಡಿದುದನ್ನು ಇಷ್ಟು ಮಳೆಯ ನಾವು ಮಾಡಲಾರೆವೇ?

ಕಾಡು ಕೊಡುವಷ್ಟು ಉದ್ದದ ಮರಕ್ಕೆ ಮನೆಯನ್ನು ಹೊಂದಿಸಿಕೊಂಡ ಜನ ‘ಖಣ’ ಎಂಬ ಅಳತೆಯನ್ನು ಬಿಟ್ಟುಹೋಗಿದ್ದಾರೆ. ನಮ್ಮ ಆಸೆಗೆ ತಕ್ಕ ಮನೆ ಬೇಕೆಂದು ಹೊರಟರೆ ಬೆಟ್ಟವೂ ಸಾಲದು, ಹೊಳೆಯ ಮರಳೂ ಸಾಲದು. ಈ ರಾತ್ರಿ ಮಲಗುವ ಮುನ್ನ ಒಮ್ಮೆ ಮೇಲಕ್ಕೆ ನೋಡಿ, ನಿಮ್ಮ ಮನೆಯನ್ನು ಹೊತ್ತಿರುವ ಮರ ಯಾವುದೆಂದು ಮನೆಯ ಹಿರಿಯರನ್ನು ಕೇಳಿರಿ. ಉತ್ತರ ಸಿಕ್ಕರೆ ಬರೆದಿಟ್ಟುಕೊಳ್ಳಿರಿ. ಸಿಗದಿದ್ದರೆ ನಾಳೆ ಬೆಳಿಗ್ಗೆ ಬಡಿಗರ ಮನೆಯ ಬಾಗಿಲು ತಟ್ಟಿರಿ.